ಮೇಲಿನಿಂದ ನೋಡಿದರೆ ಬುದ್ಧ ಕಾಣುವುದಿಲ್ಲ

ಶಹಾಪುರದ ಬುದ್ಧ ಮಲಗಿದ ಗುಡ್ಡವನ್ನು ಈ ಸೀಮೆಯ ಮಕ್ಕಳಿಗೆ ಯಾರೂ ತೋರಿಸಿಕೊಡಬೇಕಿಲ್ಲ. ಬಸ್ಸಿನ ಕಿಟಕಿಯಿಂದಲೇ ಹಣೆ, ಮೂಗು, ಗಲ್ಲ, ಎದೆ ಎಂದು ಗುರುತು ಹಿಡಿದು ಬೆಳೆದವರು ಅವರು. ಅದೇ ಗುಡ್ಡವನ್ನು ಗೂಗಲ್ ಅರ್ಥ್‌ನಲ್ಲಿ ತೆರೆದು ಗೋಡೆಯ ಮೇಲೆ ಬಿಟ್ಟರೆ ತರಗತಿಯಲ್ಲಿ ಗಲಿಬಿಲಿ. ಬೂದು ಬಂಡೆ, ನಡುನಡುವೆ ಕುರುಚಲು ಗಿಡ, ಅಂಚಿಗೆ ಮನೆಗಳ ಸಾಲು ಅಷ್ಟೇ. 'ಬುದ್ಧ ಎಲ್ಲಿ ಹೋದ್ರೀ ಸರ್?'

ಈ ಪ್ರಶ್ನೆ ಬಂತೆಂದರೆ ಭೂಗೋಳದ ಪಾಠ ಶುರುವಾಯಿತು ಎಂದೇ ಲೆಕ್ಕ. ನಾವು ಗುಡ್ಡವನ್ನು ಪಕ್ಕದಿಂದ ನೋಡುತ್ತೇವೆ, ಉಪಗ್ರಹ ನೆತ್ತಿಯ ಮೇಲಿಂದ ನೋಡುತ್ತದೆ. ನಕ್ಷೆ ಅಂದರೆ ಈ ನೆತ್ತಿಯ ನೋಟ. ಪಠ್ಯಪುಸ್ತಕದಲ್ಲಿ ನಕ್ಷೆಯ ವ್ಯಾಖ್ಯೆ ಇದೆ, ಮಕ್ಕಳು ಅದನ್ನು ಬಾಯಿಪಾಠವೂ ಮಾಡಿರುತ್ತಾರೆ. ಆದರೆ ಬುದ್ಧ ಕಾಣೆಯಾದಾಗ ಆ ವ್ಯಾಖ್ಯೆಗೆ ಅರ್ಥ ಬರುತ್ತದೆ. ಆಮೇಲೆ ಪರದೆಯ ಮೇಲಿನ ನೋಟವನ್ನು ನಿಧಾನವಾಗಿ ವಾಲಿಸಬೇಕು. ಗುಡ್ಡ ನೆಲದಿಂದ ಮೇಲೇಳುತ್ತದೆ, ಎದೆಯ ಉಬ್ಬು ಬರುತ್ತದೆ, ತಲೆ ಬರುತ್ತದೆ. ಮಕ್ಕಳು ಚಪ್ಪಾಳೆ ತಟ್ಟುವ ಹೊತ್ತಿಗೆ ಮುಂದಿನ ಬೆಂಚಿನ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: 'ಮೂಗು ಯಾಕ ಇಲ್ಲ?'

ಮೂಗು ಇಲ್ಲದ್ದಕ್ಕೆ ಕಾರಣ 2000ದ ಫೆಬ್ರುವರಿಯಲ್ಲಿದೆ. ಆ ತಿಂಗಳು ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿಯನ್ನು ಸುತ್ತಿ, ರೇಡಾರ್ ಅಲೆಗಳನ್ನು ಬಿಟ್ಟು, ನೆಲದ ಎತ್ತರ ಅಳೆಯಿತು. ನೌಕೆಯಲ್ಲಿ ಒಂದು ಆಂಟೆನಾ, ಅದರಿಂದ 60 ಮೀಟರ್ ಆಚೆಗೆ ಚಾಚಿದ ಕೋಲಿನ ತುದಿಯಲ್ಲಿ ಇನ್ನೊಂದು. ಎರಡು ಕಣ್ಣಿದ್ದವರಿಗೆ ವಸ್ತು ಎಷ್ಟು ದೂರದಲ್ಲಿದೆ ಎಂದು ತಿಳಿಯುವ ಹಾಗೆ, ಎರಡು ಆಂಟೆನಾಗಳಿಗೆ ಮರಳಿದ ಅಲೆಗಳ ಅಂತರದಿಂದ ಎತ್ತರ ತಿಳಿಯಿತು. ಹೀಗೆ ಸಿಕ್ಕ ಲೆಕ್ಕದಲ್ಲಿ ಸುಮಾರು 30 ಮೀಟರಿಗೊಂದು ಎತ್ತರದ ಅಂಕಿ ಇರುತ್ತದೆ. ಜಗತ್ತಿನ ಎಷ್ಟೋ ಹಳ್ಳಿಗಾಡಿನ ನೆಲದ ಎತ್ತರಕ್ಕೆ ಇಂಥ ಒರಟು ಲೆಕ್ಕವೇ ಆಧಾರ. 30 ಮೀಟರಿಗಿಂತ ಚಿಕ್ಕದಾದ ಬಂಡೆಯ ಚೂಪು ಅದರಲ್ಲಿ ನುಣ್ಣಗೆ ಸವೆದುಹೋಗುತ್ತದೆ. ಪರದೆಯ ಮೇಲಿನ ಗುಡ್ಡವೂ ಯಾರೋ ಅಳೆದು ಮಾಡಿದ್ದೇ, ಆ ಅಳತೆಗೂ ಒಂದು ಮಿತಿ ಇದೆ ಎಂಬುದು ಎಂಟನೇ ತರಗತಿಯ ಮಕ್ಕಳಿಗೆ ಇಷ್ಟು ಸುಲಭವಾಗಿ ಬೇರೆ ಯಾವ ದಾರಿಯಲ್ಲಿ ತಿಳಿದೀತು? ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳ ಪಾಠವನ್ನೂ ಅಲ್ಲೇ ಮುಗಿಸಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಮಾಪನದ ಹಾಳೆಗಳಲ್ಲಿ ಸಾಮಾನ್ಯವಾಗಿ 20 ಮೀಟರಿಗೊಂದು ರೇಖೆ. ರೇಖೆಗಳು ಒತ್ತೊತ್ತಾಗಿ ಬಂದಲ್ಲಿ ಬುದ್ಧನ ಪಕ್ಕೆ ಕಡಿದಾಗಿದೆ, ದೂರ ಸರಿದಲ್ಲಿ ಹೊಟ್ಟೆ ಮಟ್ಟಸವಾಗಿದೆ.

ಹೊಸದಾಗಿ ಕೆಲಸಕ್ಕೆ ಸೇರಿದ ಭೂಗೋಳ ಮೇಷ್ಟ್ರ ಅನುಭವ ಬರೆಯಲು ಕೂತು ಗುಡ್ಡದ ಕಥೆ ಹೇಳುತ್ತಿದ್ದಾನಲ್ಲ ಎನ್ನಬೇಡಿ. ನಿಜ ಹೇಳಬೇಕೆಂದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಭೂಗೋಳ ಮೇಷ್ಟ್ರು ಎಂಬ ಹುದ್ದೆಯೇ ಇಲ್ಲ. ಇರುವುದು ಸಮಾಜ ವಿಜ್ಞಾನ ಶಿಕ್ಷಕರು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಅದರ ಜೊತೆಗೆ ಭೂಗೋಳ ಎಲ್ಲ ಒಬ್ಬರದೇ ಹೊರೆ. ಪದವಿಯಲ್ಲಿ ಇತಿಹಾಸವನ್ನೋ ಐಚ್ಛಿಕ ಕನ್ನಡವನ್ನೋ ಓದಿ ಬಂದವರು ಬಹಳ. ನಾನೂ ಆ ಸಾಲಿನವನೇ. 2022ರಲ್ಲಿ ರಾಜ್ಯ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಹೊರಟಾಗ ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕದವು. ಆರರಿಂದ ಎಂಟನೇ ತರಗತಿಗೆ ಬಂದ ಈ ಹೊಸಬರ ಕೈಯಲ್ಲಿ ಆಂಡ್ರಾಯ್ಡ್ ಫೋನಿದೆ, ಶಾಲೆಯಲ್ಲಿ ಅದೃಷ್ಟವಿದ್ದರೆ ಒಂದು ಪ್ರೊಜೆಕ್ಟರೋ ದಾನಿಗಳು ಕೊಟ್ಟ ಟೀವಿಯೋ ಇದೆ, ಎದುರಿಗೆ ವಾಯುಮಂಡಲದ ಅಧ್ಯಾಯ ಬಾಯಿ ತೆರೆದು ಕೂತಿದೆ. ಯೂಟ್ಯೂಬಿನಲ್ಲಿ ಒಂದು ವಿಡಿಯೋ ಹುಡುಕಿ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ.

ಜ್ವಾಲಾಮುಖಿಯ ವಿಡಿಯೋ ಯಾವ ತರಗತಿಯನ್ನಾದರೂ ಸುಮ್ಮನಿರಿಸುತ್ತದೆ. ನನ್ನ ತಕರಾರು ಆ ಸುಮ್ಮನಿರುವಿಕೆಯ ಬಗ್ಗೆಯೇ. ಹವಾಯಿಯ ಲಾವಾ ನೋಡುವ ಮಕ್ಕಳು ಕೇಳುವುದೇನೂ ಇರುವುದಿಲ್ಲ, ನೋಡುವುದಷ್ಟೇ. ಅಮೆಜಾನ್ ಕಾಡಿನ ವಿಡಿಯೋ ಮುಗಿದ ಮೇಲೆ 'ಇನ್ನೊಂದು ಹಚ್ಚರೀ ಸರ್' ಎನ್ನುತ್ತಾರೆ, ಸಿನಿಮಾ ಆದರೂ ಅದನ್ನೇ ಅನ್ನುತ್ತಿದ್ದರು. ಭೂಗೋಳಕ್ಕೆ ತಂತ್ರಜ್ಞಾನ ನಿಜವಾಗಿ ಕೊಟ್ಟಿದ್ದು ಬೇರೆ. ಹೊಲದಿಂದ ಊರಿಗೆ, ಊರಿಂದ ಹೊಳೆಗೆ, ಹೊಳೆಯಿಂದ ಖಂಡಕ್ಕೆ, ಮತ್ತೆ ಅಲ್ಲಿಂದ ಹೊಲಕ್ಕೆ ಕ್ಷಣದಲ್ಲಿ ಅಳತೆ ಬದಲಿಸಿಕೊಂಡು ಓಡಾಡುವ ಸೌಲಭ್ಯ ಅದು. ಹಿಂದೆ ಇದು ಸರ್ವೆ ಇಲಾಖೆಯವರಿಗೆ, ಮಿಲಿಟರಿಯವರಿಗೆ ಮಾತ್ರ ಇತ್ತು. ನಮ್ಮ ಪಠ್ಯಕ್ರಮ ಎಂಟರಲ್ಲಿ ಭೂಮಿ, ಒಂಬತ್ತರಲ್ಲಿ ಕರ್ನಾಟಕ, ಹತ್ತರಲ್ಲಿ ಭಾರತ ಎಂದು ಸಾಗುತ್ತದೆ. ಈ ದಾರಿಯಲ್ಲಿ ನಮ್ಮ ಸುರಪುರವಾಗಲಿ ವಡಗೇರಾವಾಗಲಿ ಸಿಗುವುದೇ ಇಲ್ಲ. ಫೋನಿನ ನಕ್ಷೆ ಮಾತ್ರ ತೆರೆದ ಕೂಡಲೇ ನಾವು ನಿಂತ ಜಾಗದಿಂದಲೇ ಶುರುವಾಗುತ್ತದೆ.

ಯಂತ್ರ ತಂದಿಟ್ಟರೆ ಪಾಠ ತಾನಾಗಿ ಆಗುತ್ತದೆಂಬ ನಂಬಿಕೆ ನಮ್ಮಲ್ಲಿ ಹಳೆಯದು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. ಅದೇ ದಶಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕಂಪ್ಯೂಟರ್ ನೆರವಿನ ಕಲಿಕೆಯನ್ನು ದೊಡ್ಡದಾಗಿ ಕೈಗೆತ್ತಿಕೊಂಡಿತ್ತು, ಸಿ.ಡಿ.ಗಳನ್ನು ಮಾಡಿ ಹಂಚಿತ್ತು. ಯಾದಗಿರಿ ಮತ್ತು ಸುರಪುರ ಕಡೆಯ ಶಿಕ್ಷಕರಿಗೆ ಈ ಪ್ರತಿಷ್ಠಾನ ಹಳೆಯ ಒಡನಾಟದ್ದು. ಸುರಪುರ ತಾಲ್ಲೂಕಿನಲ್ಲಿ ಅದು ಮಕ್ಕಳಸ್ನೇಹಿ ಶಾಲೆಗಳ ಕಾರ್ಯಕ್ರಮವನ್ನು ವರ್ಷಗಟ್ಟಲೆ ನಡೆಸಿತು. ಆ ಪ್ರತಿಷ್ಠಾನದ ಅನುರಾಗ್ ಬೆಹರ್ ಅವರೇ 2010ರಲ್ಲಿ ಮಿಂಟ್ ಪತ್ರಿಕೆಯಲ್ಲಿ ಶಿಕ್ಷಣದಲ್ಲಿ ಕಂಪ್ಯೂಟರಿನ ಮಿತಿಗಳ ಬಗ್ಗೆ ಬರೆದರು. ಹಣ ಹಾಕಿ, ಮಾಡಿ ನೋಡಿದವರು ಆಡಿದ ಮಾತಾದ್ದರಿಂದ ಅದಕ್ಕೆ ತೂಕವಿತ್ತು. ಮುಂದೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಕಂಪ್ಯೂಟರುಗಳ ಮೇಲೆ ತರಬೇತಿ ಕೊಟ್ಟವು, ಶಿಕ್ಷಕರೇ ಪಾಠ ಬರೆದು ಸೇರಿಸುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವನ್ನು ಕಟ್ಟಿದವು. ತಿರುಗುವ ಗೋಳದ ಮಾರ್ಬಲ್, ನಕ್ಷೆಯಲ್ಲಿ ರಾಜ್ಯಗಳನ್ನು ಗುರುತಿಸುವ ಕೆಜಿಯಾಗ್ರಫಿ ಎಂಬ ಉಚಿತ ತಂತ್ರಾಂಶಗಳನ್ನು ಎಷ್ಟೋ ಹಿರಿಯ ಮೇಷ್ಟ್ರುಗಳು ಮೊದಲು ಮುಟ್ಟಿದ್ದು ಈ ತರಬೇತಿಗಳಲ್ಲಿ. ಮಾರ್ಬಲ್‌ನ ದೊಡ್ಡ ಗುಣವೆಂದರೆ ಒಮ್ಮೆ ಹಾಕಿಕೊಂಡರೆ ಮೂಲ ಗೋಳ ತೋರಿಸಲು ಇಂಟರ್ನೆಟ್ಟೇ ಬೇಡ. ಕರೆಂಟೂ ನೆಟ್‌ವರ್ಕೂ ಸರದಿಯ ಮೇಲೆ ಕೈಕೊಡುವ ಊರಲ್ಲಿ ಈ ಗುಣದ ಬೆಲೆ ಗೊತ್ತಾಗುತ್ತದೆ. ಆಮೇಲಿನ ದೀಕ್ಷಾ ಆ್ಯಪ್, ಪುಸ್ತಕದ ಕ್ಯೂಆರ್ ಕೋಡ್, ಕೊರೊನಾ ಕಾಲದಲ್ಲಿ ದೂರದರ್ಶನ ಚಂದನದಲ್ಲಿ ಬಂದ ಸಂವೇದ ಪಾಠಗಳು ಎಲ್ಲರಿಗೂ ಗೊತ್ತಿರುವಂಥವು.

ಹೊಸಬರು ತಮ್ಮ ಊರಿಂದ ಶುರುಮಾಡಲು ಹೊರಟರೆ ಮೊದಲು ಕೈಗೆ ಬರುವುದು ದಿಶಾಂಕ್. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಈ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು, ಅದರ ಗಡಿ ಗೆರೆ ಕಾಣುತ್ತದೆ. ಹೊಲಮನೆಯ ಮಕ್ಕಳಿಗೆ ಪಹಣಿ, ಎಕರೆ, ಗುಂಟೆ ಮನೆಮಾತು. 33 ಅಡಿ ಉದ್ದ, 33 ಅಡಿ ಅಗಲ ಆದರೆ ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ ಎಂದು ಶಾಲೆಯ ಅಂಗಳದಲ್ಲಿ ಹಗ್ಗ ಹಿಡಿದು ಒಂದು ಗುಂಟೆ ಅಳೆಯಿಸಿ, ಆಮೇಲೆ ಪರದೆಯ ಮೇಲೆ ಶಾಲೆಯ ಸರ್ವೆ ನಂಬರು ತೋರಿಸಿದರೆ ಮಾಪನ ಎಂಬ ಪಾಠ ಮುಗಿದಂತೆ. ಇಲ್ಲಿ ಒಂದು ಎಚ್ಚರ ಬೇಕು. 'ನಿಮ್ಮ ಹೊಲ ಎಲ್ಲಿದೆ ತೋರಿಸು' ಎಂದು ಕೇಳುವ ಮೊದಲು ತರಗತಿಯಲ್ಲಿ ಹೊಲ ಇಲ್ಲದ ಮನೆಯ ಮಕ್ಕಳು ಎಷ್ಟಿದ್ದಾರೆ ನೋಡಬೇಕು. ಅರ್ಧ ತರಗತಿ ಕೈ ಎತ್ತಿ ಇನ್ನರ್ಧ ತಲೆ ತಗ್ಗಿಸುವ ಪಾಠ ಭೂಗೋಳ ಕಲಿಸುವುದಿಲ್ಲ, ಬೇರೇನನ್ನೋ ಕಲಿಸುತ್ತದೆ. ಶಾಲೆ, ಹಳ್ಳ, ಬಸ್‌ಸ್ಟ್ಯಾಂಡ್, ಮನೆಯಿಂದ ಶಾಲೆಗೆ ಬರುವ ದಾರಿ ಇವು ಎಲ್ಲರ ಪಾಲಿಗೂ ಇವೆ. ಬೇರೆಯವರ ಹೊಲದ ಮಾಲೀಕರ ಹೆಸರು ತೆಗೆಯುವ ಗೋಜಿಗಂತೂ ಹೋಗಲೇಬಾರದು. ಊರಲ್ಲಿ ಹಳೆಯ ವ್ಯಾಜ್ಯಗಳಿಗೆ ಕೊರತೆಯಿಲ್ಲ, ಶಾಲೆ ಹೊಸದೊಂದನ್ನು ಹುಟ್ಟಿಸಬೇಕಾಗಿಲ್ಲ.

ನಕ್ಷೆಯಲ್ಲಿ ಇಲ್ಲದ ಜಾಗ ಇನ್ನೊಂದು ಪಾಠ. ತಾಂಡಾಗಳು, ದೊಡ್ಡಿಗಳು ಉಪಗ್ರಹ ಚಿತ್ರದಲ್ಲಿ ಮನೆಗಳಾಗಿ ಕಾಣುತ್ತವೆ, ಆದರೆ ಅವುಗಳ ಮೇಲೆ ಹೆಸರು ಇರುವುದೇ ಅಪರೂಪ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯಲ್ಲಿ ಯಾರು ಬೇಕಾದರೂ ಹೆಸರು ಸೇರಿಸಬಹುದು, ಕನ್ನಡದಲ್ಲೇ ಸೇರಿಸಬಹುದು. ತಾಂಡಾದಿಂದ ಬರುವ ಹುಡುಗಿ ತನ್ನ ತಾಂಡಾದ ಹೆಸರನ್ನು ಬರೆಸಿ, ಅದು ನಕ್ಷೆಯಲ್ಲಿ ಮೂಡಿದಾಗ ಆಗುವ ಸಂತೋಷವನ್ನು ಯಾವ ವಿಡಿಯೋವೂ ಕೊಡಲಾರದು.

ನಮ್ಮ ಸೀಮೆಯಲ್ಲಿ ಉಪಗ್ರಹ ಚಿತ್ರ ಕಲಿಸಲು ಕಾಲುವೆಗಿಂತ ಒಳ್ಳೆಯ ವಿಷಯ ಇಲ್ಲ. ಕೃಷ್ಣೆಗೆ ನಾರಾಯಣಪುರದಲ್ಲಿ ಬಸವಸಾಗರ ಕಟ್ಟಿ ಎಡದಂಡೆ ಕಾಲುವೆ ತೆಗೆದ ಮೇಲೆ ಸುರಪುರ, ಶಹಾಪುರದ ಎರೆ ಭೂಮಿಯ ಬದುಕೇ ಬದಲಾಯಿತು. ಜೋಳ, ತೊಗರಿಯ ಜಾಗಕ್ಕೆ ಭತ್ತ ಬಂತು, ಹತ್ತಿ, ಮೆಣಸಿನಕಾಯಿ ಬಂತು. ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್‌ನಲ್ಲಿ 1984ರಿಂದ ಈಚಿನ ಚಿತ್ರಗಳು ವರ್ಷದ ಕ್ರಮದಲ್ಲಿ ಓಡುತ್ತವೆ. ಮಕ್ಕಳ ಅಜ್ಜಂದಿರು ಕಂಡ ಬೂದು ನೆಲ ಕಾಲುವೆಯ ಗೆರೆ ಹಿಡಿದು ಹಸಿರಾಗುವುದು, ಮೇಲೆ ಆಲಮಟ್ಟಿಯ ಹಿನ್ನೀರು ಹಿಗ್ಗುವುದು ಒಂದೇ ನಿಮಿಷದಲ್ಲಿ ಕಣ್ಣಮುಂದೆ ಬರುತ್ತದೆ.

ಇನ್ನೂ ಮುಂದೆ ಹೋಗುವುದಿದ್ದರೆ ಐರೋಪ್ಯರ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಉಚಿತ. ಒಂದೇ ಜಾಗಕ್ಕೆ ಐದು ದಿನಕ್ಕೊಮ್ಮೆ ಬರುತ್ತವೆ, 10 ಮೀಟರಿನ ತುಂಡನ್ನೂ ತೋರಿಸುತ್ತವೆ. ಇಸ್ರೋದ ಭುವನ್ ತಾಣ 2009ರಿಂದಲೇ ಇದೆ. ಇವುಗಳಲ್ಲಿ ಹುಸಿಬಣ್ಣದ ಚಿತ್ರ ತೆರೆದರೆ ಭತ್ತದ ಗದ್ದೆ ಕೆಂಡದಂಥ ಕೆಂಪು. 'ಹಸರ ಬೆಳಿ ಕೆಂಪ್ಯಾಕ್ರೀ?' ಎಂಬ ಪ್ರಶ್ನೆಗೆ ಉತ್ತರ ಸೊಗಸಾಗಿದೆ. ಎಲೆಗಳು ಹಸಿರು ಬೆಳಕನ್ನು ಸ್ವಲ್ಪವೇ ಮರಳಿ ಚೆಲ್ಲುತ್ತವೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಚೆಲ್ಲುತ್ತವೆ. ಉಪಗ್ರಹಕ್ಕೆ ಅದು ಕಾಣುತ್ತದೆ. ಕಾಣದ ಬೆಳಕನ್ನು ನಮಗೆ ತೋರಿಸಲು ಅದಕ್ಕೆ ಕೆಂಪು ಬಣ್ಣ ಬಳಿಯುತ್ತಾರೆ. ಬೆಳೆ ಚೆನ್ನಾಗಿದ್ದಷ್ಟೂ ಕೆಂಪು ಗಾಢ, ಸೊರಗಿದರೆ ತಿಳಿ, ಬರಿ ನೆಲವಾದರೆ ಬೂದು.

ಹೀಗೆ ಹೇಳಿ ಕಾಲುವೆಯ ಉದ್ದಕ್ಕೂ ಚಿತ್ರವನ್ನು ಜರುಗಿಸುತ್ತ ಹೋದರೆ ತಲೆಯಿಂದ ಬುಡಕ್ಕೆ ಬರುವಷ್ಟರಲ್ಲಿ ಕೆಂಪು ಎಲ್ಲಿ ತೆಳುವಾಗುತ್ತದೆ ಎಂಬುದನ್ನು ಮಕ್ಕಳೇ ಗುರುತಿಸಲು ನೋಡುತ್ತಾರೆ. ಆಗ ತರಗತಿಯಲ್ಲಿ ಜಗಳ ಹತ್ತುತ್ತದೆ. ಮೇಲಿನವರು ಭತ್ತ ಹಚ್ಚಿ ನೀರೆಲ್ಲ ಕುಡಿಯುತ್ತಾರೆ ಎನ್ನುತ್ತಾನೆ ಕಾಲುವೆಯ ಕೊನೆಯ, ಟೇಲೆಂಡ್ ಊರಿನ ಹುಡುಗ. ಸರದಿಯ ಮೇಲೆ ನೀರು ಬಿಡುವ ಚಾಲು-ಬಂದ್ ಪದ್ಧತಿಯಲ್ಲಿ ನಮಗೂ ನೀರು ಬಂದಿಲ್ಲ ಎನ್ನುತ್ತಾಳೆ ಇನ್ನೊಬ್ಬಳು. ಭತ್ತ ಬೆಳೆದೂ ಬೆಳೆದೂ ನೆಲ ಸವುಳಾಗಿದ್ದನ್ನು ಮೂರನೆಯವನು ಹೇಳುತ್ತಾನೆ. ಮೇಷ್ಟ್ರು ಸುಮ್ಮನೆ ನಿಂತು ಕೇಳಿಸಿಕೊಂಡರೆ ಸಾಕು, ನೀರಾವರಿಯ ಲಾಭ ನಷ್ಟಗಳ ಅಧ್ಯಾಯ ತಾನಾಗಿ ನಡೆಯುತ್ತದೆ. ಸ್ವತಃ ಕಾಲುವೆಯೂ ಈಗ ತಂತ್ರಜ್ಞಾನದ ಕೈಗೆ ಬಂದಿದೆ. ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯನ್ನು ಪ್ರಧಾನಿ ಮೋದಿಯವರು 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. 10,000 ಕ್ಯೂಸೆಕ್ ಹರಿಸಬಲ್ಲ ಕಾಲುವೆ, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆ. ಗೇಟು ತಾನಾಗಿ ಏಳುವ ಕಾಲದಲ್ಲೂ ಟೇಲೆಂಡಿನ ತಕರಾರು ಯಾಕೆ ಮುಗಿಯುವುದಿಲ್ಲ ಎಂಬುದನ್ನು ಹತ್ತನೇ ತರಗತಿಯ ಮಕ್ಕಳು ನಮಗಿಂತ ಚೆನ್ನಾಗಿ ವಿವರಿಸುತ್ತಾರೆ.

ಕ್ಯೂಸೆಕ್, ಟಿಎಂಸಿ ಎಂಬ ಶಬ್ದಗಳು ಮಳೆಗಾಲದಲ್ಲಿ ದಿನಪತ್ರಿಕೆ ತುಂಬ ಇರುತ್ತವೆ, ಪಠ್ಯಪುಸ್ತಕದಲ್ಲಿ ಅವಕ್ಕೆ ಜಾಗ ಕಡಿಮೆ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್, ಲೀಟರಿನಲ್ಲಿ ಸುಮಾರು 28.3. ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಆಗುತ್ತದೆ. ಇಷ್ಟನ್ನು ಬೋರ್ಡಿನ ಮೇಲೆ ಬರೆದು 2019ರ ಆಗಸ್ಟಿನ ಪ್ರವಾಹಕ್ಕೆ ಬನ್ನಿ. ಆಗ ಬಸವಸಾಗರದಿಂದ ಹೊಳೆಗೆ ಬಿಟ್ಟ ನೀರು ಸುಮಾರು 6 ಲಕ್ಷ ಕ್ಯೂಸೆಕ್ ಮುಟ್ಟಿತ್ತು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 52 ಟಿಎಂಸಿ. ಬಸವಸಾಗರದ ಸಾಮರ್ಥ್ಯವೇ 33 ಟಿಎಂಸಿ ಚಿಲ್ಲರೆ. ಅಂದರೆ ಖಾಲಿ ಜಲಾಶಯವನ್ನು ಹದಿನೈದು ಹದಿನಾರು ತಾಸಿನಲ್ಲಿ ತುಂಬಿಸುವಷ್ಟು ನೀರು ಅದು. 'ಡ್ಯಾಂ ಇದ್ದ ಮ್ಯಾಲ ನೀರ ಯಾಕ ತಡಿಲಿಲ್ಲ?' ಎಂದು ಊರಕಟ್ಟೆಯ ಮೇಲೆ ಕೇಳಿದ ಪ್ರಶ್ನೆಗೆ ಮಕ್ಕಳು ಪೆನ್ಸಿಲಿನಲ್ಲೇ ಉತ್ತರ ಕಂಡುಕೊಂಡರು ಎಂದಾಯಿತು. ಆ ಮೇಲೆ ನಕ್ಷೆ ತೆರೆದು ಶಹಾಪುರದಿಂದ ದೇವದುರ್ಗಕ್ಕೆ ಹೋಗುವ ದಾರಿಯ ಕೊಳ್ಳೂರು ಸೇತುವೆ, ಹೊಳೆಯ ನಡುವೆ ಕೂತ ನೀಲಕಂಠರಾಯನಗಡ್ಡಿ ತೋರಿಸಿ. ಸೇತುವೆ ಮುಳುಗಿದಾಗ ಬಸ್ಸು ಯಾವ ದಾರಿ ಹಿಡಿಯಬೇಕು, ಎಷ್ಟು ಕಿಲೋಮೀಟರ್ ಸುತ್ತು ಎಂದು ಅಳೆಯಲು ಹೇಳಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದನ್ನು ಯಾದಗಿರಿಯ ಮಕ್ಕಳು ತಾವಾಗಿ ನೆನಪಿಸಿಕೊಳ್ಳುತ್ತಾರೆ.

ಗುಳೆ ಹೋಗಿ ಬಂದ ಮಕ್ಕಳದು ಬೇರೆಯೇ ಭೂಗೋಳ. ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಪುಣೆ, ಮುಂಬೈಗೋ ಅಪ್ಪ ಅವ್ವನ ಜೊತೆ ಹೋಗಿ, ಜೂನಿನಲ್ಲೋ ಜುಲೈನಲ್ಲೋ ಶಾಲೆಗೆ ಮರಳುವ ಮಗು ಹಾಜರಿ ಪುಸ್ತಕದಲ್ಲಿ 'ದೀರ್ಘ ಗೈರು'. ಆದರೆ ಆ ಮಗುವಿಗೆ ಮೆಟ್ರೊ ಕಂಬ ಗೊತ್ತು, ಲೇಬರ್ ಶೆಡ್ಡು ಗೊತ್ತು, ಯಾವ ಸ್ಟೇಷನ್ನಿನಲ್ಲಿ ಜನ ಇಳಿಯುತ್ತಾರೆ ಗೊತ್ತು. ಮುಂಬೈ–ಚೆನ್ನೈ ರೈಲು ಹಳಿ ಯಾದಗಿರಿ ಮೇಲೆ ಹಾದು ಹೋಗುವುದನ್ನು ಪುಸ್ತಕ ಓದಿ ತಿಳಿಯಬೇಕಾದ ಮಕ್ಕಳಲ್ಲ ಇವರು. ಸಾರಿಗೆಯ ಪಾಠಕ್ಕೆ ಪರದೆಯ ಮೇಲೆ ಆ ದಾರಿ ಎಳೆಯಲು ಇವರನ್ನೇ ಕರೆದರೆ, ಮೂರು ತಿಂಗಳು ಪಾಠ ತಪ್ಪಿಸಿಕೊಂಡವರು ಎಂಬ ಹಣೆಪಟ್ಟಿ ಒಂದು ದಿನದ ಮಟ್ಟಿಗಾದರೂ ಕಳಚುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಯಂತ್ರ ಬಿಟ್ಟು ಮಾಡಬೇಕಾದ ಪಾಠಗಳೂ ಇವೆ ಎಂದು ಹೇಳಲೇಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಂಗಳದಲ್ಲಿ ನೆಟ್ಟ ಕೋಲಿನ ನೆರಳು. ನಮ್ಮ ಗಡಿಯಾರ ನಡೆಯುವುದು 82½ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕಕ್ಕೆ. ಯಾದಗಿರಿ ಇರುವುದು 77 ಡಿಗ್ರಿ ಚಿಲ್ಲರೆಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷವಾದರೆ ಸೂರ್ಯ ನಮ್ಮ ನೆತ್ತಿಯ ರೇಖೆಗೆ ಬರುವುದು ಸರಾಸರಿ 12 ಗಂಟೆ 21 ನಿಮಿಷಕ್ಕೆ. ತಿಂಗಳಿಂದ ತಿಂಗಳಿಗೆ ಒಂದಷ್ಟು ಹಿಂದೆ ಮುಂದೆ. ಮಕ್ಕಳು ಹನ್ನೆರಡರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಡುತ್ತ ಹೋದರೆ ಅತಿ ಗಿಡ್ಡ ನೆರಳು ಹನ್ನೆರಡಕ್ಕೆ ಬೀಳುವುದಿಲ್ಲ ಎಂದು ತಾವೇ ಕಂಡುಕೊಳ್ಳುತ್ತಾರೆ. ಆ ನೆರಳು ಬಿದ್ದ ಗೆರೆಯೇ ಉತ್ತರ–ದಕ್ಷಿಣ. ಫೋನಿನ ದಿಕ್ಸೂಚಿಯನ್ನು ಪಕ್ಕಕ್ಕಿಟ್ಟು ತಾಳೆ ನೋಡಿದರೆ, ಕಬ್ಬಿಣದ ಗೇಟಿನ ಹತ್ತಿರ ಫೋನು ಸುಳ್ಳು ಹೇಳುತ್ತದೆ, ಕೋಲು ಹೇಳುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೇರ ನೆತ್ತಿಗೆ ಬಂದು ಕೋಲಿಗೆ ನೆರಳೇ ಇಲ್ಲವಾಗುವ ದಿನಗಳು ವರ್ಷಕ್ಕೆ ಎರಡು, ಮೇ ಮೊದಲ ವಾರ ಮತ್ತು ಆಗಸ್ಟ್ ಮೊದಲ ವಾರದ ಹೊತ್ತಿಗೆ. ಮೇನಲ್ಲಿ ಶಾಲೆ ಇರುವುದಿಲ್ಲ, ಆಗಸ್ಟಿನಲ್ಲಿ ಮೋಡ. ಆದರೂ ಬಿಸಿಲು ಬಿದ್ದರೆ ಬಿಡಬಾರದು.

ಈ ಕೋಲಿನ ಪಾಠಕ್ಕೆ ಇಲ್ಲಿ ಹಿರಿಯ ಪರಂಪರೆಯೇ ಇದೆ. ಶಹಾಪುರದ ಪಕ್ಕದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದವರು ನೂರಾರು ಬಂಡೆಗಳನ್ನು ಸಾಲು ಹಿಡಿದು ಹೂಡಿದ್ದಾರೆ. ಆ ಸಾಲುಗಳಿಗೂ ಸೂರ್ಯ ಹುಟ್ಟುವ ಮುಳುಗುವ ದಿಕ್ಕುಗಳಿಗೂ ಸಂಬಂಧವಿದೆ ಎಂದು ಖಗೋಳ ವಿಜ್ಞಾನಿಗಳು ವಾದಿಸಿದ್ದಾರೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಲು ಬೇಕಾದದ್ದು ಒಂದು ಟಂಟಂ ಗಾಡಿ. ಸುರಪುರದ ಕಡೆಯವರಿಗೆ ರಾಜನಕೋಳೂರಿನ ಕಲ್ಲುಮನೆಗಳಿವೆ. 1840ರ ದಶಕದಲ್ಲಿ ಸುರಪುರಕ್ಕೆ ಬಂದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಸಮಾಧಿಗಳ ಬಗ್ಗೆ ಲೇಖನ ಬರೆದಿದ್ದ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಅಂದಾಜಿಸಿದ ಸುಣ್ಣಕಲ್ಲಿನ ಕೈಗೊಡಲಿಗಳನ್ನು ಅಗೆದು ತೆಗೆದರು. ಬುಗ್ಗೆ ನೀರು, ಒಳ್ಳೆಯ ಕಲ್ಲು, ಸುತ್ತ ತಗ್ಗು ಗುಡ್ಡಗಳಿರುವ ಆ ಬಟ್ಟಲನ್ನು ಮೇಲಿನಿಂದ ತೋರಿಸಿ 'ನೀವಾಗಿದ್ದರೆ ಎಲ್ಲಿ ಬೀಡು ಬಿಡುತ್ತಿದ್ದಿರಿ?' ಎಂದು ಕೇಳಬಹುದು. ಮಕ್ಕಳ ಬೆರಳು ನೀರಿನ ಕಡೆಗೇ ಹೋಗುತ್ತದೆ.

ಅಡಚಣೆಗಳ ಪಟ್ಟಿ ದೊಡ್ಡದು, ಎಲ್ಲರಿಗೂ ಗೊತ್ತಿರುವುದೇ. ಪರದೆ ಕಾಣಬೇಕೆಂದರೆ ಕಿಟಕಿ ಮುಚ್ಚಬೇಕು, ಕಿಟಕಿ ಮುಚ್ಚಿದರೆ ಏಪ್ರಿಲ್‌ನ ಯಾದಗಿರಿಯಲ್ಲಿ ಕೂರುವುದೆಂತು? ನೆಟ್‌ವರ್ಕ್ ಇಲ್ಲದಿದ್ದರೆ ಹಿಂದಿನ ರಾತ್ರಿ ಮನೆಯಲ್ಲೇ ಚಿತ್ರಗಳನ್ನು ತೆಗೆದಿಟ್ಟುಕೊಳ್ಳುವುದು ಜಾಣತನ. ಮನೆಯಲ್ಲಿ ಫೋನು ಒಂದೇ, ಅದು ಅಪ್ಪನ ಅಂಗಿ ಜೇಬಿನಲ್ಲಿ; ಅಣ್ಣನಿಗೆ ಸಿಗುವಷ್ಟು ತಂಗಿಗೆ ಸಿಗುವುದಿಲ್ಲ. ಆದ್ದರಿಂದ ಫೋನಿನಲ್ಲಿ ಮಾಡುವ ಕೆಲಸವನ್ನು ಮನೆಪಾಠವಾಗಿ ಕೊಡುವುದು ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಮಾಡಿಸುವುದಿದ್ದರೆ ಶಾಲೆಯಲ್ಲೇ, ಗುಂಪಿಗೊಂದು ಫೋನು, ಫೋನು ಹುಡುಗಿಯ ಕೈಯಲ್ಲಿ. ಗೋಡೆಯ ಮೇಲಿನ ಹಳೆಯ ಬಟ್ಟೆ ನಕ್ಷೆಯನ್ನೂ ಬಿಸಾಡಬಾರದು. ಪರದೆಯ ಮೇಲೆ ಭಾರತ ಬಂದು ಹೋಗುತ್ತದೆ. ಗೋಡೆಯ ಮೇಲೆ ವರ್ಷಪೂರ್ತಿ ಇರುತ್ತದೆ, ಬೇಜಾರಾದ ಪೀರಿಯಡ್‌ನಲ್ಲಿ ಮಕ್ಕಳು ಅದನ್ನೇ ನೋಡುತ್ತಾರೆ.

ಇವೆಲ್ಲವನ್ನೂ ಮೀರಿದ ಅಡಚಣೆ ಪರೀಕ್ಷೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 50.59 ಫಲಿತಾಂಶ ಪಡೆದು ಮತ್ತೆ ಕಡೆಯ ಸ್ಥಾನ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಕಲಿಸಲು ಬಾರದ ತಂತ್ರಜ್ಞಾನ ಕಾಯಲು ಮಾತ್ರ ತಪ್ಪದೆ ಬಂತು ಎಂದು ಸ್ಟಾಫ್‌ರೂಮಿನಲ್ಲಿ ನಗಾಡಿದ್ದೂ ಉಂಟು. ನಕಲು ನಿಂತಿದ್ದು ಒಳ್ಳೆಯದೇ. ಆದರೆ ಕಡೆಯ ಜಿಲ್ಲೆ ಎಂಬ ಹಣೆಬರಹ ಅಳಿಸುವ ಅವಸರದಲ್ಲಿ ಡಿಸೆಂಬರ್ ದಾಟಿತೆಂದರೆ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್. ಭೂಗೋಳಕ್ಕೆ ಉಳಿಯುವುದು ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಐದು ಅಂಕ. ಗುಜರಾತಿನ ಮೂಗು, ಕನ್ಯಾಕುಮಾರಿಯ ಚೂಪು, ಈಶಾನ್ಯದ ಗಂಟು ಎಂದು ದಿನಕ್ಕೆ ಹತ್ತು ಸಲ ಗೆರೆ ಎಳೆದು ಎಳೆದು ಮಕ್ಕಳ ಕೈ ಪಳಗುತ್ತದೆ. ಕಣ್ಣು ಮುಚ್ಚಿ 82½ ಡಿಗ್ರಿ ಎಳೆಯಬಲ್ಲ ಹುಡುಗನಿಗೆ ಆ ಗೆರೆಗೂ ತನ್ನ ಊರಿನ ಮಧ್ಯಾಹ್ನಕ್ಕೂ ಇರುವ ಸಂಬಂಧ ಗೊತ್ತಿರಬೇಕೆಂದೇನಿಲ್ಲ, ಅಂಕ ಬರುತ್ತದೆ.

ಆ ಐದು ಅಂಕದಲ್ಲಿ ಎರಡನ್ನು ಜಿಲ್ಲೆಗೆ ಬಿಟ್ಟುಕೊಟ್ಟರೆ ಹೇಗೆ ಎಂದು ನಮ್ಮ ಕಡೆಯ ಶಿಕ್ಷಕರು ಮಾತಾಡಿಕೊಳ್ಳುತ್ತೇವೆ. ಪ್ರಶ್ನೆಪತ್ರಿಕೆಯಲ್ಲೇ ಕೃಷ್ಣಾ–ಭೀಮಾ ನಡುವಿನ ನಕ್ಷೆ ಅಚ್ಚುಮಾಡಿ, ಮಾಪನ ಕೊಟ್ಟು, ಕೆಳಗೆ ಹೀಗೆ ಕೇಳಬಹುದು: ಬಸವಸಾಗರದಿಂದ 6 ಲಕ್ಷ ಕ್ಯೂಸೆಕ್ ನೀರು ಬಿಡಲಾಗಿದೆ, ಕೊಳ್ಳೂರು ಸೇತುವೆ ಮುಳುಗಿದೆ. ದೇವದುರ್ಗದ ಆಸ್ಪತ್ರೆಯಿಂದ ಶಹಾಪುರಕ್ಕೆ ರೋಗಿಯನ್ನು ತರಬೇಕಾದ ಆಂಬುಲೆನ್ಸ್ ಯಾವ ದಾರಿಯಲ್ಲಿ ಬರಬೇಕು? ದಾರಿಯನ್ನು ಗುರುತಿಸಿ, ದೂರವನ್ನು ಅಳೆದು ಬರೆಯಿರಿ.